ಮೂಳೆ ಎಣಿಸಿ ಮಳೆ ಓದಿದ ಡೊರೊಥಿಯಾ ಬೇಟ್

ಈ ಸಲದ ಸಂಚಿಕೆಗೆ ನಾನು ಆರಿಸಿಕೊಂಡ ಸಾಧಕಿ ಡೊರೊಥಿಯಾ ಬೇಟ್. ಪಳೆಯುಳಿಕೆಗಳನ್ನು ಅಧ್ಯಯನ ಮಾಡುವವರ ನಡುವೆ ಇದು ದೊಡ್ಡ ಹೆಸರು. ನಮ್ಮ ಕಡೆ ಕೇಳಿದವರು ಕಡಿಮೆ. ಹೆಸರು ಕಿವಿಗೆ ಬಿದ್ದ ಕೂಡಲೇ ನನ್ನ ಮಗಳು, ಬೇಟೆನಾ ಅಮ್ಮಾ, ಅಂದಳು. ಹಾಗೆಂದರೂ ಸರಿಯೇ. ಸತ್ತು ಸಾವಿರಾರು, ಲಕ್ಷಾಂತರ ವರ್ಷವಾದ ಪ್ರಾಣಿಗಳನ್ನು ಹುಡುಕಿಕೊಂಡು ಗುಹೆ ಗುಹೆ ಅಲೆದ ಹೆಂಗಸು ಈಕೆ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಓದಿದ್ದು ಎಂಟೆಕ್, ದಿನವಿಡೀ ನೋಡುವುದು ಡೇಟಾ ಮತ್ತು ಗ್ರಾಫ್. ಡೊರೊಥಿಯಾ ನನಗೆ ಪರಿಚಯವಾದದ್ದೂ ಒಂದು ಗ್ರಾಫ್‌ನ ಮೂಲಕವೇ. 1937ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಆಕೆ ಎರಡು ಪ್ರಾಣಿಗಳ ಮೂಳೆಗಳನ್ನು ಪದರ ಪದರವಾಗಿ ಎಣಿಸಿ, ಅವುಗಳ ಏರಿಳಿತವನ್ನು ಒಂದು ರೇಖೆಯಾಗಿ ಬರೆದಿದ್ದರು. ಆ ರೇಖೆಯಿಂದ ಹಳೆಯ ಕಾಲದ ಮಳೆ ಎಷ್ಟಿತ್ತೆಂದು ಹೇಳಬಹುದು ಅನ್ನುವುದು ಅವರ ವಾದ. ಕಂಪ್ಯೂಟರ್ ಇಲ್ಲ, ಕಾರ್ಬನ್ ಡೇಟಿಂಗ್ ಇಲ್ಲ. ಒಂದು ಮೇಜು, ಪೆಟ್ಟಿಗೆಗಟ್ಟಲೆ ಮೂಳೆ, ತೀಕ್ಷ್ಣವಾದ ಕಣ್ಣು, ಇಷ್ಟೇ. ಇದನ್ನು ಮಾಡಿದವರು ಯಾರು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಬದುಕಿನ ಕಥೆ ಗ್ರಾಫ್‌ಗಿಂತ ಸ್ವಾರಸ್ಯವಾಗಿತ್ತು.

ಹುಟ್ಟಿದ್ದು 1878ರ ನವೆಂಬರ್ 8ರಂದು, ವೇಲ್ಸ್‌ನ ಕಾರ್ಮಾರ್ಥೆನ್ ಊರಿನಲ್ಲಿ. ತಂದೆ ಪೊಲೀಸ್ ಅಧಿಕಾರಿ. ಡೊರೊಥಿಯಾ ಶಾಲೆಗೆ ಹೋದದ್ದು ತೀರಾ ಕಡಿಮೆ, ಕಾಲೇಜಿಗೆ ಹೋಗಲೇ ಇಲ್ಲ. ಓದಿದ್ದೆಲ್ಲ ಬಯಲಿನಲ್ಲಿ: ಹಕ್ಕಿ, ಹುಳ, ಗುಹೆ, ಕಲ್ಲು. ವೈ ನದಿಯ ಕಣಿವೆಯಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ. ಅಂಥ ಒಂದು ಗುಹೆಯಲ್ಲಿ ಸಿಕ್ಕ ಸಣ್ಣ ಪ್ರಾಣಿಗಳ ಮೂಳೆಗಳ ಮೇಲೆಯೇ ಆಕೆಯ ಮೊದಲ ವೈಜ್ಞಾನಿಕ ಲೇಖನ ಬಂತು, 1901ರಲ್ಲಿ. ಆಗ ಆಕೆಗೆ ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ.

ಅದಕ್ಕೂ ಮೊದಲೇ, 1898ರಲ್ಲಿ, ಹತ್ತೊಂಬತ್ತರ ಹುಡುಗಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ನೇರ ನಡೆದುಹೋಗಿ ಕೆಲಸ ಕೇಳಿದ್ದರು. ಶಿಫಾರಸು ಇಲ್ಲ, ಡಿಗ್ರಿ ಇಲ್ಲ. ಹೆಂಗಸರಿಗೆ ಅಲ್ಲಿ ಖಾಯಂ ವಿಜ್ಞಾನಿಯ ಹುದ್ದೆಯೂ ಇರದಿದ್ದ ಕಾಲ. ಪಕ್ಷಿ ವಿಭಾಗದಲ್ಲಿ ಒಣಗಿಸಿಟ್ಟ ಹಕ್ಕಿ ಚರ್ಮಗಳನ್ನು ವಿಂಗಡಿಸುವ ಕೆಲಸ ಕೊಟ್ಟರು. ಹೇಗೆ ಒಪ್ಪಿಸಿದರೋ, ಅಂತೂ ಒಳಗೆ ಕಾಲಿಟ್ಟರು. ಹಾಗೆ ಇಟ್ಟ ಕಾಲನ್ನು ಐವತ್ತು ವರ್ಷ ಹಿಂದೆ ತೆಗೆಯಲಿಲ್ಲ. ಆ ಮ್ಯೂಸಿಯಮ್ಮಿನಲ್ಲಿ ವಿಜ್ಞಾನಿಯಾಗಿ ಕೆಲಸ ಮಾಡಿದ ಮೊದಲ ಮಹಿಳೆ ಎಂದು ಈಗ ಅವರನ್ನು ಹೇಳುತ್ತಾರೆ. ಪಕ್ಷಿಶಾಸ್ತ್ರ, ಅಂಗರಚನೆ, ಭೂವಿಜ್ಞಾನ, ಎಲ್ಲವನ್ನೂ ಅಲ್ಲೇ, ಕೈಯಲ್ಲಿ ಮೂಳೆ ಹಿಡಿದುಕೊಂಡೇ ಕಲಿತರು.

ವಿಜ್ಞಾನಿ ಅಂದೆನಲ್ಲ, ಸಂಬಳದ ವಿಷಯ ಕೇಳಿ. ತಿಂಗಳಿಗಿಷ್ಟು ಅಂತ ಇರಲಿಲ್ಲ. ಎಷ್ಟು ಪಳೆಯುಳಿಕೆ ಶುಚಿಮಾಡಿ ಸಿದ್ಧಪಡಿಸಿದರೋ ಅಷ್ಟಕ್ಕೆ ದುಡ್ಡು. ನಮ್ಮಲ್ಲಿ ಬೀಡಿ ಕಟ್ಟುವ, ಹಪ್ಪಳ ಲಟ್ಟಿಸುವ ಹೆಂಗಸರಿಗೆ ಲೆಕ್ಕ ಹಾಕುತ್ತಾರಲ್ಲ, ಹಾಗೆ. ಹೊಸ ಪ್ರಾಣಿಗಳಿಗೆ ಹೆಸರಿಟ್ಟು ಲೇಖನ ಬರೆಯುತ್ತಿದ್ದ ಕಾಲದಲ್ಲೂ ಪರಿಸ್ಥಿತಿ ಇಷ್ಟೇ. ನಮ್ಮ ಐಟಿ ಆಫೀಸುಗಳಲ್ಲೂ ನೋಡಿ, ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುವ ಹುಡುಗಿಯ ಐಡಿ ಕಾರ್ಡಿನ ಪಟ್ಟಿಗೆ ಬೇರೆ ಬಣ್ಣ ಇರುತ್ತದೆ, ಅವಳು ಕಾಂಟ್ರಾಕ್ಟ್. ಪ್ರಾಜೆಕ್ಟ್ ಮುಗಿದರೆ ಅವಳ ಪಟ್ಟಿಯೂ ಮುಗಿಯಿತು. ಡೊರೊಥಿಯಾ ಅಂಥ ಪಟ್ಟಿಯನ್ನು ಹೆಚ್ಚುಕಡಿಮೆ ಜೀವಮಾನವಿಡೀ ಹಾಕಿಕೊಂಡಿದ್ದರು.

1901ರಲ್ಲಿ ಸೈಪ್ರಸ್ ದ್ವೀಪಕ್ಕೆ ಹೊರಟರು. ಮೊದಮೊದಲ ಖರ್ಚು ಕೈಯಿಂದಲೇ, ಮುಂದೆ ರಾಯಲ್ ಸೊಸೈಟಿಯಿಂದ ಒಂದು ಸಣ್ಣ ಅನುದಾನ ಬಂತು. ಒಂದೂವರೆ ವರ್ಷ ಅಲ್ಲಿ ಬೆಟ್ಟ ಹತ್ತಿಳಿದರು. ಮೂಳೆಗಳಿರುವ ಗುಹೆ ಮತ್ತು ನಿಕ್ಷೇಪಗಳು ಹನ್ನೆರಡು ಹೊಸವು ಸಿಕ್ಕವು. ಅಲ್ಲಿನ ಹಳ್ಳಿಯವರಿಗೆ ಈ ಮೂಳೆಗಳು ಹೊಸದೇನಲ್ಲ. ಅವು ಸಂತರ ಮೂಳೆಗಳು, ಪುಡಿಮಾಡಿ ಕುಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಅವರ ನಂಬಿಕೆ. ನಿಜದಲ್ಲಿ ಅವು ಹಂದಿಯಷ್ಟೇ ಗಾತ್ರದ ಒಂದು ಪುಟ್ಟ ನೀರಾನೆಯ ಮೂಳೆಗಳು.

1902ರಲ್ಲಿ ಕೈರೀನಿಯಾ ಬೆಟ್ಟಸಾಲಿನ ಒಂದು ಗುಹೆಯಲ್ಲಿ ಇನ್ನೂ ದೊಡ್ಡ ಬೇಟೆ ಸಿಕ್ಕಿತು. ದೊಡ್ಡದು ಅನ್ನುವುದಕ್ಕಿಂತ ಸಣ್ಣದು ಅನ್ನಬೇಕು. ಅದೊಂದು ಕುಬ್ಜ ಆನೆ. ಈಗಿನ ಅಂದಾಜಿನಂತೆ ಅದರ ತೂಕ ಸುಮಾರು 200 ಕಿಲೋ. ಅದರ ಪೂರ್ವಜವಾದ ನೆಟ್ಟಗಿನ ದಂತದ ಆನೆ ಹತ್ತು ಸಾವಿರ ಕಿಲೋದ್ದು. ಸಮುದ್ರದ ನಡುವೆ ಸಿಕ್ಕಿಬಿದ್ದ ದೊಡ್ಡ ಪ್ರಾಣಿಗಳು ತಲೆಮಾರಿನಿಂದ ತಲೆಮಾರಿಗೆ ಸಣ್ಣಗಾಗುತ್ತವೆ; ಮೇವು ಕಡಿಮೆ, ಹಿಡಿದು ತಿನ್ನುವ ಹುಲಿ ಸಿಂಹಗಳ ಭಯವೂ ಇಲ್ಲ. ಮುಂದೆ ಕ್ರೀಟ್, ಮಾಲ್ಟಾ, ಸಾರ್ಡೀನಿಯಾ ಎಂದು ಮೆಡಿಟರೇನಿಯನ್ನಿನ ಹಲವು ದ್ವೀಪಗಳ ಮೂಳೆಗಳು ಅವರ ಕೈಯಲ್ಲಿ ಹಾದುಹೋದವು.

1909ರಲ್ಲಿ ಮಯೋರ್ಕಾ ದ್ವೀಪ. ಅಲ್ಲಿ ಸಿಕ್ಕಿದ್ದು ಆಡಿನಂಥ, ಆದರೆ ಯಾವ ಆಡಿನ ಹಾಗೂ ಇಲ್ಲದ ಒಂದು ವಿಚಿತ್ರ ಪ್ರಾಣಿ. ಕೆಳದವಡೆಯ ಮುಂದಿನ ಹಲ್ಲು ಇಲಿಯದರಂತೆ ಬೆಳೆಯುತ್ತಲೇ ಇರುವಂಥದ್ದು, ಕಣ್ಣುಗಳು ಮುಂದಕ್ಕೆ ನೋಡುವಂಥವು. ಇದಕ್ಕೆ ಮಯೋಟ್ರಾಗಸ್ ಎಂದು ಹೆಸರಿಟ್ಟರು. ಇಲಿ-ಆಡು ಅಂತ ಅರ್ಥ. ನೂರು ವರ್ಷದ ನಂತರ, 2009ರಲ್ಲಿ, ಇದರ ಮೂಳೆಯನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಇದು ಹಲ್ಲಿ ಮೊಸಳೆಗಳ ಹಾಗೆ ನಿಂತು ನಿಂತು ಬೆಳೆಯುತ್ತಿತ್ತು ಎಂದು ಬರೆದರು. ಅದೇ ಮಯೋರ್ಕಾದಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯ ಕೆಟ್ಟ ನಡತೆಯನ್ನೂ ಎದುರಿಸಬೇಕಾಯಿತು. ಅಪರಿಚಿತ ದೇಶದಲ್ಲಿ ಒಂಟಿ ಹೆಂಗಸು ಕೆಲಸಕ್ಕೆ ಹೋದರೆ ಏನೆಲ್ಲ ಸಹಿಸಬೇಕು ಅನ್ನುವುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಕೆಲಸ ಮುಗಿಸಿಕೊಂಡೇ ಬಂದರು.

ಕುಬ್ಜ ಆನೆ, ಇಲಿ-ಆಡು ಇವೆಲ್ಲ ಪತ್ರಿಕೆಗಳಲ್ಲಿ ಬರುವಂಥ ಸುದ್ದಿ. ನನಗೆ ಹೆಚ್ಚು ಹಿಡಿಸಿದ್ದು ಅದರ ನಂತರದ್ದು.

1920ರ ದಶಕದ ಹೊತ್ತಿಗೆ ಡೊರೊಥಿಯಾ ಎಂಥ ಪರಿಣತಿ ಪಡೆದಿದ್ದರೆಂದರೆ, ಪುರಾತತ್ವಜ್ಞರು ಅಗೆದಾಗ ಸಿಕ್ಕ ಮೂಳೆಗಳನ್ನು ಗುರುತಿಸಲು ಅವರ ಬಳಿಗೇ ಕಳಿಸುತ್ತಿದ್ದರು. ಆಫ್ರಿಕಾದ ಆದಿಮಾನವರ ಸಂಶೋಧನೆಗೆ ಹೆಸರಾದ ಲೂಯಿಸ್ ಲೀಕಿಯಂಥವರೂ ಅವರ ಕಣ್ಣನ್ನೇ ನಂಬಿದ್ದರು. ಅಲ್ಲಿಯ ತನಕ ಪುರಾತತ್ವದಲ್ಲಿ ಕಲ್ಲಿನ ಆಯುಧಕ್ಕೆ ಮೊದಲ ಮರ್ಯಾದೆ. ಮೂಳೆ ಅಂದರೆ, ಓ ಇವರು ಜಿಂಕೆ ತಿಂದಿದ್ದರು, ಎಂದು ಪುಸ್ತಕದ ಕೊನೆಗೊಂದು ಪಟ್ಟಿ ಸೇರಿಸಿದರೆ ಆಯಿತು. ಆ ಪಟ್ಟಿಯಿಂದ ಹವಾಮಾನವನ್ನು ಓದಲು ಹೊರಟ ಮೊದಲಿಗರಲ್ಲಿ ಡೊರೊಥಿಯಾ ಒಬ್ಬರು.

ಅವಕಾಶ ಸಿಕ್ಕಿದ್ದು ಕಾರ್ಮೆಲ್ ಬೆಟ್ಟದಲ್ಲಿ. ಇದು ಈಗಿನ ಇಸ್ರೇಲಿನ ಹೈಫಾ ನಗರದ ದಕ್ಷಿಣಕ್ಕೆ, ಸಮುದ್ರಕ್ಕೆ ಮುಖ ಮಾಡಿ ನಿಂತ ಬೆಟ್ಟಸಾಲು. ಆಗ ಅದು ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೈನ್. ಅಲ್ಲೊಂದು ಕಣಿವೆಗೆ ಅರಬ್ಬಿಯಲ್ಲಿ ವಾದಿ ಅಲ್-ಮುಘಾರ ಎಂದು ಹೆಸರು, ಗುಹೆಗಳ ಕಣಿವೆ ಎಂದರ್ಥ. ಹೈಫಾ ಬಂದರು ಕಟ್ಟಲು ಅಲ್ಲಿಂದ ಕಲ್ಲು ತೆಗೆಯುವ ಯೋಜನೆ ಇತ್ತು. 1928ರಲ್ಲಿ ಪರೀಕ್ಷೆಗೆಂದು ಸ್ವಲ್ಪ ಅಗೆದಾಗ ಕೆತ್ತನೆಯಿರುವ ಹಳೆಯ ಮೂಳೆ ಸಿಕ್ಕಿ, ಕ್ವಾರಿ ನಿಂತು ಉತ್ಖನನ ಶುರುವಾಯಿತು. 1929ರಿಂದ 1934ರ ತನಕ ಅದನ್ನು ನಡೆಸಿದವರು ಇನ್ನೊಬ್ಬ ಮಹಿಳೆ, ಡೊರೊಥಿ ಗ್ಯಾರಡ್. ಇವರೇ 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಆದವರು.

ಅಲ್ಲಿ ದುಡಿದವರಲ್ಲೂ ಹೆಚ್ಚಿನವರು ಹೆಂಗಸರು, ಸುತ್ತಲಿನ ಹಳ್ಳಿಗಳ ಅರಬ್ ಹೆಂಗಸರು. ಅವರಲ್ಲಿ ಯುಸ್ರಾ ಎಂಬಾಕೆಯ ಕಣ್ಣು ಎಷ್ಟು ಚುರುಕೆಂದರೆ, 1932ರಲ್ಲಿ ಮಣ್ಣಿನಲ್ಲಿ ಒಂದು ಹಲ್ಲನ್ನು ಗುರುತಿಸಿದರು. ಅದರ ಬೆನ್ನಿಗೆ ಹೊರಬಂದದ್ದು ಇಂದು ತಾಬೂನ್ ಹೆಣ್ಣು ಎಂದು ಜಗತ್ತಿಗೆಲ್ಲ ಗೊತ್ತಿರುವ ನಿಯಾಂಡರ್ತಾಲ್ ತಲೆಬುರುಡೆ. ಯುಸ್ರಾಗೆ ಕೇಂಬ್ರಿಜ್‌ಗೆ ಹೋಗಿ ಓದುವ ಆಸೆಯಿತ್ತಂತೆ. ಹೋಗಲಿಲ್ಲ. ಡೊರೊಥಿಯಾರ ಬದುಕನ್ನು ಓದುತ್ತಾ ನಾನು ಬಹಳ ಹೊತ್ತು ನಿಂತದ್ದು ಈ ಸಾಲಿನಲ್ಲಿ.

ತಾಬೂನ್ ಅಂದರೆ ಒಲೆ. ಗುಹೆಗೆ ಮೇಲ್ಗಡೆ ಹೊಗೆಗೂಡಿನಂಥ ರಂಧ್ರ ಇದೆ, ಈ ರಂಧ್ರದ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಗುಹೆಯೊಳಗೆ ಸುಮಾರು 25 ಮೀಟರ್ ದಪ್ಪಕ್ಕೆ ಮಣ್ಣು, ಬೂದಿ, ಕಲ್ಲಾಯುಧ, ಮೂಳೆ ಕೂತಿತ್ತು. ಎಂಟು ಮಹಡಿ ಕಟ್ಟಡದಷ್ಟು ಅಂದುಕೊಳ್ಳಿ. ಗ್ಯಾರಡ್ ಅದನ್ನು ಮೇಲಿನಿಂದ ಕೆಳಕ್ಕೆ ಎ, ಬಿ, ಸಿ, ಡಿ ಎಂದು ಪದರಗಳಾಗಿ ಬೇರ್ಪಡಿಸಿದರು. ಒಂದೊಂದು ಪದರದ ಮೂಳೆಯೂ ಬೇರೆ ಬೇರೆಯಾಗಿ ಡೊರೊಥಿಯಾ ಬಳಿಗೆ ಬಂತು.

ಈಗ ಅವರು ಮಾಡಿದ್ದನ್ನು ನಮ್ಮ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ಅಡುಗೆಮನೆಯ ಕಸವನ್ನು ವರ್ಷವಿಡೀ ಒಂದೇ ಗುಂಡಿಗೆ ಸುರಿದಿರಿ ಅಂತಿಟ್ಟುಕೊಳ್ಳಿ. ನೂರು ವರ್ಷ ಬಿಟ್ಟು ಯಾರೋ ಅಗೆಯುತ್ತಾರೆ. ಒಂದು ಪದರದ ತುಂಬ ಅವರೆಕಾಯಿ ಸಿಪ್ಪೆ, ಅವರಿಗೆ ಚಳಿಗಾಲ ಅಂತ ಗೊತ್ತಾಗುತ್ತದೆ. ಅದರ ಮೇಲಿನದರ ತುಂಬ ಮಾವಿನ ಗೊರಟೆ, ಬೇಸಿಗೆ. ಥರ್ಮಾಮೀಟರ್ ಎಲ್ಲೂ ಸಿಗಲಿಲ್ಲ, ಆದರೂ ಋತು ಓದಬಹುದು. ನೇರ ಅಳೆಯಲಾಗದ್ದನ್ನು ಅದರ ಜೊತೆಜೊತೆಗೇ ಏರಿಳಿಯುವ ಇನ್ನೊಂದರಿಂದ ಅಂದಾಜು ಮಾಡುವುದಕ್ಕೆ ನಮ್ಮ ಡೇಟಾ ಭಾಷೆಯಲ್ಲಿ ಪ್ರಾಕ್ಸಿ ಅನ್ನುತ್ತೇವೆ.

ಡೊರೊಥಿಯಾ ಆರಿಸಿಕೊಂಡ ಪ್ರಾಕ್ಸಿ ಎರಡು ಪ್ರಾಣಿಗಳು. ಒಂದು ಪರ್ಷಿಯನ್ ಫ್ಯಾಲೋ ಜಿಂಕೆ, ಲ್ಯಾಟಿನ್ನಿನಲ್ಲಿ ಡಾಮಾ. ಮೈಮೇಲೆ ಚುಕ್ಕೆ, ಅಗಲ ಕೊಂಬು, ಮರಗಿಡ ದಟ್ಟವಾಗಿರುವ ತೇವದ ಜಾಗ ಬೇಕು. ಇನ್ನೊಂದು ಗೆಜೆಲ್. ಇದಕ್ಕೆ ಒಣ, ತೆರೆದ ನೆಲ ಸಾಕು. ಗೆಜೆಲ್ ನಮಗೇನೂ ದೂರದ್ದಲ್ಲ; ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಯಾವ ಚಿಂಕಾರಗಳಿಗಾಗಿ ವನ್ಯಜೀವಿಧಾಮ ಮಾಡಿದ್ದಾರೋ, ನಮ್ಮ ಪುಣೆ ಜಿಲ್ಲೆಯ ಸುಪೆ ಹತ್ತಿರದ ಮಯೂರೇಶ್ವರದಲ್ಲಿ ಯಾವುದನ್ನು ನೋಡಲು ಹೋಗುತ್ತೇವೋ, ಅದೂ ಇದೇ ಗೆಜೆಲ್ ಕುಲದ್ದು. ಚಿಂಕಾರ ಕಂಡ ಕಡೆ ಕುರುಚಲು, ಹುಲ್ಲು, ಬಿಸಿಲು. ಚುಕ್ಕೆ ಜಿಂಕೆಯ ಹಿಂಡು ಬೇಕೆಂದರೆ ನಾಗರಹೊಳೆಯ ಕಡೆ ಹೋಗಬೇಕು. ಕಣ್ಣು ಕಟ್ಟಿ ಎಲ್ಲಾದರೂ ಇಳಿಸಿ, ಎದುರಿಗಿರುವ ಪ್ರಾಣಿಯನ್ನು ಮಾತ್ರ ತೋರಿಸಿದರೂ ಅಲ್ಲಿ ಮಳೆ ಹೇಗೆ ಅಂತ ಒಂದು ಊಹೆ ಮಾಡಬಹುದು. ಡೊರೊಥಿಯಾ ಮಾಡಿದ್ದು ಅದನ್ನೇ.

ಪ್ರತಿ ಪದರದಲ್ಲೂ ಡಾಮಾ ಎಷ್ಟು, ಗೆಜೆಲ್ ಎಷ್ಟು ಎಂದು ಎಣಿಸಿ, ಅವುಗಳ ಪ್ರಮಾಣವನ್ನು ಪದರದ ಮೇಲೆ ಪದರದಂತೆ ಗುರುತು ಹಾಕಿ ರೇಖೆ ಎಳೆದರು. ಡಾಮಾ ಹೆಚ್ಚಾದ ಕಡೆ ತೇವದ ಕಾಲ, ಗೆಜೆಲ್ ಹೆಚ್ಚಾದ ಕಡೆ ಒಣ ಕಾಲ. ರೇಖೆ ಆ ಕಡೆ ಈ ಕಡೆ ತೂಗಾಡಿತು. ಕೆಳಗಿನ ಹಳೆಯ ಪದರಗಳಲ್ಲಿ ನೀರಾನೆ, ಘೇಂಡಾಮೃಗದಂಥ, ಇಂದು ಆ ಬೆಟ್ಟದಲ್ಲಿ ಊಹಿಸಲೂ ಆಗದ ಪ್ರಾಣಿಗಳಿದ್ದವು. ಸಿ ಮತ್ತು ಬಿ ಪದರಗಳ ನಡುವೆ ದೊಡ್ಡದೊಂದು ಬಿರುಕು ಕಂಡಿತು. ಹಳೆಯ ಕಾಲದ ಹಲವು ಪ್ರಾಣಿಗಳು ಅಲ್ಲಿಗೆ ಮುಗಿದು, ಮೇಲೆ ಇಂದಿನವುಗಳಿಗೆ ಹತ್ತಿರವಾದವು ಬಂದಿದ್ದವು. ಹವೆ ಬದಲಾದಾಗ ಒಂದು ನಾಡಿನ ಇಡೀ ಪ್ರಾಣಿಸಂಕುಲ ಬದಲಾಗುತ್ತದೆ, ಆ ಬದಲಾವಣೆಯನ್ನು ಲೆಕ್ಕದಲ್ಲಿ ತೋರಿಸಬಹುದು ಎಂದು ಅವರು ಹೇಳಿದರು. ಗ್ಯಾರಡ್ ಮತ್ತು ಬೇಟ್ ಇಬ್ಬರ ಹೆಸರಿನಲ್ಲೂ 1937ರಲ್ಲಿ ಪುಸ್ತಕ ಬಂತು. ಅದರ ಪ್ರಾಣಿಗಳ ಭಾಗವಿಡೀ ಡೊರೊಥಿಯಾರದ್ದು.

ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಮುಗಿಸಬಹುದು. ಆದರೆ ದಿನವೂ ಡೇಟಾ ನೋಡುವ ನನ್ನಂಥವಳಿಗೆ ಮುಂದಿನ ಭಾಗವೇ ಮುಖ್ಯ. ಈ ರೇಖೆಯ ಮೇಲೆ ಪ್ರಶ್ನೆಗಳು ಬೇಗ ಬಂದವು, ಆಮೇಲೂ ದಶಕಗಳ ಕಾಲ ಬರುತ್ತಲೇ ಇದ್ದವು.

ಮತ್ತೆ ಅಡುಗೆಮನೆಯ ಗುಂಡಿಗೆ ಬನ್ನಿ. ನಮ್ಮತ್ತೆಗೆ ಹಲಸಿನ ಹಣ್ಣಿನ ವಾಸನೆ ಆಗದು, ಮನೆಯೊಳಗೆ ತರುವಂತಿಲ್ಲ. ನಮ್ಮ ಮನೆಯ ಕಸ ಅಗೆದವರು, ಈ ಊರಿನಲ್ಲಿ ಹಲಸು ಬೆಳೆಯುತ್ತಲೇ ಇರಲಿಲ್ಲ ಎಂದು ಬರೆದರೆ ಏನು ಗತಿ? ಗುಹೆಯ ಮೂಳೆಗಳಲ್ಲಿ ಹೆಚ್ಚಿನವು ಮನುಷ್ಯರು ಬೇಟೆಯಾಡಿ ತಂದವು. ಅವರಿಗೆ ಯಾವುದು ಇಷ್ಟ, ಯಾವುದನ್ನು ಹಿಡಿಯುವ ಉಪಾಯ ಗೊತ್ತಿತ್ತು ಅನ್ನುವುದೂ ಎಣಿಕೆಯೊಳಗೆ ಸೇರಿಕೊಂಡಿದೆ. ಕೊನೆಗಾಲದ ನಾಟೂಫಿಯನ್ ಜನರ ಪದರಗಳಲ್ಲಿ ಗೆಜೆಲ್ ಮೂಳೆಯೇ ತುಂಬಿದೆ. ಅದರಲ್ಲಿ ಹವೆಯ ಪಾಲು ಎಷ್ಟು, ಬೇಟೆಗಾರನ ಪಾಲು ಎಷ್ಟು?

ಇನ್ನೊಂದು ವಿಷಯ ಸಮುದ್ರದ್ದು. ಹಿಮಯುಗದಲ್ಲಿ ನೀರು ಮಂಜುಗಡ್ಡೆಯಾಗಿ ಹೋದಾಗ ಸಮುದ್ರ ಹಿಂದೆ ಸರಿಯುತ್ತದೆ, ಕಾರ್ಮೆಲ್ ಬೆಟ್ಟದ ಕೆಳಗಿನ ಕರಾವಳಿ ಬಯಲು ಅಗಲವಾಗುತ್ತದೆ. ಬಯಲು ಅಗಲವಾದರೆ ಬಯಲಿನ ಪ್ರಾಣಿ ಹೆಚ್ಚು ಸಿಗುತ್ತದೆ, ಮಳೆ ಒಂದು ಹನಿ ಕಡಿಮೆಯಾಗದಿದ್ದರೂ. ಅಲ್ಲದೆ ಆ ನಾಡಿನ ಗೆಜೆಲ್ ಮರುಭೂಮಿಗೇ ಸೀಮಿತವಾದ ಪ್ರಾಣಿಯೂ ಅಲ್ಲ, ಮಳೆ ಬರುವ ಗುಡ್ಡಗಳಲ್ಲೂ ಬದುಕುತ್ತದೆ.

ಈಗ ಹೊಗೆಗೂಡಿನ ರಂಧ್ರ. 1967ರಿಂದ 1972ರ ತನಕ ಆರ್ಥರ್ ಜೆಲಿನೆಕ್ ಎಂಬ ಅಮೆರಿಕನ್ ಪುರಾತತ್ವಜ್ಞರು ತಾಬೂನ್ ಗುಹೆಯನ್ನು ಮತ್ತೆ ಅಗೆದು, ಪದರಗಳನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸಿದರು. ಬಿ ಪದರ ಕೂಡುತ್ತಿದ್ದ ಕಾಲಕ್ಕೆ ಗುಹೆಯ ಮೇಲ್ಚಾವಣಿಯ ಆ ತೂತು ತೆರೆದುಕೊಂಡಿತ್ತು. ಆ ಪದರದಲ್ಲಿ ಡಾಮಾ ಮೂಳೆಗಳು ರಾಶಿ ಬಿದ್ದಿರುವುದಕ್ಕೆ ಮಳೆಗಿಂತ ಈ ತೂತೇ ಕಾರಣವಿರಬಹುದು, ಬೆಟ್ಟದ ಮೇಲೆ ಓಡಾಡುತ್ತಿದ್ದ ಜಿಂಕೆಗಳು ಬಾವಿಗೆ ಬಿದ್ದ ಹಾಗೆ ಅದರೊಳಗೆ ಬಿದ್ದಿರಬೇಕು ಎಂಬ ವಾದ ಬಂತು. ನನಗೆ ಓದಿ ನಗು ಬಂತು, ಹೊಟ್ಟೆ ಚುರುಕ್ ಅಂತಲೂ ಅಂದಿತು. ಅಷ್ಟು ಎಣಿಸಿದ ರೇಖೆಯ ಅತಿ ಎತ್ತರದ ಕಡೆ ಒಂದು ತೂತು!

ಹಾಗಾದರೆ ಡೊರೊಥಿಯಾರ ಕೆಲಸ ಬಿದ್ದುಹೋಯಿತೇ? ನನಗೆ ಹಾಗೆನ್ನಿಸುವುದಿಲ್ಲ. ಅವರ ಮೇಲಿನ ಪ್ರತಿ ಆಕ್ಷೇಪಣೆಯೂ ಅವರು ಕೊಟ್ಟ ಅಂಕಿಗಳನ್ನು ಹಿಡಿದೇ ಬಂದದ್ದು. ಎಣಿಸದೆ, ಮೂಳೆ ತುಂಬ ಇದ್ದವು ಎಂದಷ್ಟೇ ಬರೆದಿದ್ದರೆ ಯಾರೂ ಜಗಳ ತೆಗೆಯುತ್ತಿರಲಿಲ್ಲ, ಯಾರಿಗೂ ಏನೂ ತಿಳಿಯುತ್ತಲೂ ಇರಲಿಲ್ಲ. ಇಂದು ಅದೇ ಪ್ರಶ್ನೆಗೆ ಇಲಿ ಹೆಗ್ಗಣಗಳ ಚಿಕ್ಕ ಹಲ್ಲು ಎಣಿಸುತ್ತಾರೆ. ಅವನ್ನು ಗುಹೆಗೆ ತಂದದ್ದು ಹೆಚ್ಚಾಗಿ ಗೂಬೆಗಳು, ಮನುಷ್ಯರ ರುಚಿಯ ಗೊಡವೆ ಇಲ್ಲ. ಹಲ್ಲಿನ ಎನಾಮೆಲ್‌ನಲ್ಲಿರುವ ಆಮ್ಲಜನಕದ ಬೇರೆ ಬೇರೆ ಐಸೊಟೋಪ್‌ಗಳ ಪ್ರಮಾಣ ನೋಡುತ್ತಾರೆ; ಆ ಪ್ರಾಣಿ ಕುಡಿದ ನೀರಿನ ಗುರುತು ಅದರಲ್ಲಿ ಉಳಿದಿರುತ್ತದೆ. ಜೆರುಸಲೇಮ್ ಬಳಿಯ ಸೊರೆಕ್ ಗುಹೆಯಲ್ಲಿ ತೊಟ್ಟಿಕ್ಕುವ ನೀರು ಕಟ್ಟಿದ ಸುಣ್ಣದ ಕಂಬಗಳಲ್ಲೂ ಮಳೆಯ ದಾಖಲೆ ಇದೆ. ಸಾಧನ ಬದಲಾಗಿದೆ, ಒಂದು ಸಾಕ್ಷಿ ಸಾಲದೆ ನಾಲ್ಕು ಸಾಕ್ಷಿ ಕೇಳುತ್ತಾರೆ. ಡೊರೊಥಿಯಾ ಮೊದಲು ಕೇಳಿದ ಪ್ರಶ್ನೆ ಮಾತ್ರ ಹಾಗೇ ಇದೆ.

ಮತ್ತೊಂದು ಮಾತು. ಅವರು ಪದರಗಳನ್ನು ಓದುತ್ತಿದ್ದಾಗ ಅವುಗಳ ವಯಸ್ಸು ಎಷ್ಟು ಸಾವಿರ ವರ್ಷ ಎಂದು ಹೇಳುವ ವಿಧಾನವೇ ಇರಲಿಲ್ಲ. ರೇಡಿಯೋಕಾರ್ಬನ್ ವಿಧಾನ ಬಂದದ್ದು 1940ರ ದಶಕದ ಕೊನೆಗೆ. ಯಾವುದು ಕೆಳಗೆ, ಯಾವುದು ಮೇಲೆ, ಇಷ್ಟೇ ಅವರಿಗೆ ಸಿಕ್ಕ ಗಡಿಯಾರ. ಟೈಮ್‌ಸ್ಟ್ಯಾಂಪ್ ಇಲ್ಲದ ಲಾಗ್ ಫೈಲ್ ಕೊಟ್ಟು ಹವಾಮಾನ ಹೇಳು ಅಂದರೆ ನಮ್ಮ ಟೀಮಿನಲ್ಲಿ ಯಾರೂ ಕೈಯೆತ್ತಲಿಕ್ಕಿಲ್ಲ.

ಕಾರ್ಮೆಲ್ ಆದ ಮೇಲೆ 1930ರ ದಶಕದ ನಡುವಿನಲ್ಲಿ ಬೆತ್ಲೆಹೆಮ್‌ನಲ್ಲಿ ಭೂವಿಜ್ಞಾನಿ ಎಲಿನಾರ್ ಗಾರ್ಡ್ನರ್ ಜೊತೆ ಸೇರಿ ಅಗೆದರು. ಅಲ್ಲಿ ಇನ್ನೂ ಹಿಂದಿನ ಕಾಲದ ಆನೆ, ದೈತ್ಯ ಆಮೆಗಳು ಸಿಕ್ಕವು. ಡೊರೊಥಿಯಾಗೆ ಆಗ ಐವತ್ತೇಳು, ಐವತ್ತೆಂಟು.

ವಯಸ್ಸು ಅರವತ್ತೈದು ದಾಟಿದ ಮೇಲೆ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಸುಡಾನಿನ ಖಾರ್ಟೂಮ್ ನಗರದಲ್ಲಿ 1944-45ರ ಹೊತ್ತಿಗೆ ಆರ್ಕೆಲ್ ಎಂಬ ಪುರಾತತ್ವಜ್ಞರು ಹಳೆಯ ಬೇಟೆಗಾರ-ಬೆಸ್ತರ ನೆಲೆಯೊಂದನ್ನು ಅಗೆದಿದ್ದರು. ಅಲ್ಲಿನ ಮೂಳೆಗಳಲ್ಲಿ ಡೊರೊಥಿಯಾ ಜೊಂಡಿನ ಇಲಿಯ ಒಂದು ಅಳಿದ ಜಾತಿಯನ್ನು ಗುರುತಿಸಿ 1947ರಲ್ಲಿ ಹೆಸರಿಟ್ಟರು. ಈ ಇಲಿಗಳು ನೀರಿನ ಬದಿಯ ಎತ್ತರದ ಜೊಂಡು, ಆಪು ಇರುವಲ್ಲಿ ಬದುಕುವಂಥವು. ಈಗಿನ ಖಾರ್ಟೂಮ್ ಗೊತ್ತಲ್ಲ, ಸುತ್ತ ಮರಳು, ಧೂಳು, ಮೈ ಸುಡುವ ಬಿಸಿಲು. ಅಲ್ಲಿ ಒಂದು ಕಾಲಕ್ಕೆ ಜವುಗು ನೆಲ ಇತ್ತು, ಮಳೆ ಇನ್ನೂ ಹೆಚ್ಚಿತ್ತು ಅನ್ನುವುದಕ್ಕೆ ಈ ಇಲಿಯೂ ಸಾಕ್ಷಿಯಾಯಿತು. ಆನೆ ಕಂಡುಹಿಡಿದ ಕೈ ಕೊನೆಗೆ ಒಂದು ಇಲಿಯ ದವಡೆಯಲ್ಲಿ ಮಳೆ ಹುಡುಕಿತು.

1940ರಲ್ಲಿ ಜಿಯಾಲಾಜಿಕಲ್ ಸೊಸೈಟಿ ಅವರಿಗೆ ವೊಲಾಸ್ಟನ್ ನಿಧಿಯ ಗೌರವ ಕೊಟ್ಟಿತು. ಹುದ್ದೆ ಎಂದು ಕರೆಯಬಹುದಾದದ್ದು ಸಿಕ್ಕಿದ್ದು 1948ರಲ್ಲಿ. ಲಂಡನ್ನಿನಿಂದ ಸ್ವಲ್ಪ ದೂರದ ಟ್ರಿಂಗ್ ಎಂಬ ಊರಿನಲ್ಲಿ, ಹಿಂದೆ ವಾಲ್ಟರ್ ರಾತ್‌ಸ್ಚೈಲ್ಡ್ ಎಂಬ ಸಿರಿವಂತರು ಕಟ್ಟಿದ ಪ್ರಾಣಿ ಸಂಗ್ರಹಾಲಯವಿದೆ, ಈಗ ಅದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನದೇ ಒಂದು ಭಾಗ. ಅದರ ಉಸ್ತುವಾರಿ ಡೊರೊಥಿಯಾಗೆ ಬಂತು. ನಮ್ಮಲ್ಲಾದರೆ ನಿವೃತ್ತಿಯಾಗಿ ಹತ್ತು ವರ್ಷ ಕಳೆದು ಮೊಮ್ಮಕ್ಕಳನ್ನು ಶಾಲೆಯ ಬಸ್ಸಿಗೆ ಬಿಡುವ ವಯಸ್ಸು. ಅವರಿಗೆ ಎಪ್ಪತ್ತು ತುಂಬುತ್ತಿತ್ತು.

ಅಷ್ಟರಲ್ಲಿ ಕ್ಯಾನ್ಸರ್ ಇತ್ತು. 1951ರ ಜನವರಿ 13ರಂದು ಹೃದಯಾಘಾತದಿಂದ ತೀರಿಕೊಂಡರು. ಸುಡಾನಿನ ಬ್ಲೂ ನೈಲ್ ದಡದ ಪ್ರಾಣಿಗಳ ಮೇಲೆ ಬರೆದ ಅವರ ಪುಸ್ತಿಕೆ ಅದೇ ವರ್ಷ ಅಚ್ಚಾಯಿತು. ತೀರಿಕೊಂಡ ಸ್ವಲ್ಪ ಕಾಲದಲ್ಲೇ ಮನೆಗೆ ಬೆಂಕಿ ಬಿದ್ದು ಅವರ ಸ್ವಂತ ಕಾಗದಪತ್ರಗಳೆಲ್ಲ ಸುಟ್ಟುಹೋದವು. ಮ್ಯೂಸಿಯಮ್ಮಿನಲ್ಲಿ ಉಳಿದ ಪತ್ರ, ಟಿಪ್ಪಣಿಗಳಿಂದ ಕ್ಯಾರೊಲಿನ್ ಶಿಂಡ್ಲರ್ ಎಂಬ ಲೇಖಕಿ ಹುಡುಕಿ ಹುಡುಕಿ 2005ರಲ್ಲಿ ಅವರ ಜೀವನಚರಿತ್ರೆ ಬರೆದರು. 2017ರಲ್ಲಿ ಕಾರ್ಮಾರ್ಥೆನ್‌ನ ಹುಟ್ಟಿದ ಮನೆಗೆ ನೀಲಿ ಫಲಕ ಹಾಕಿದರು. ಕಾರ್ಮೆಲ್ ಬೆಟ್ಟದ ಗುಹೆಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಅವರ ರೇಖೆಯ ಆ ಜಿಂಕೆಯ ಕಥೆ ಏನಾಯಿತು ಅಂತ ನನಗೆ ಕುತೂಹಲ ಇತ್ತು. ಡೊರೊಥಿಯಾ ತೀರಿಕೊಂಡ ಹೊತ್ತಿಗೆ ಪರ್ಷಿಯನ್ ಫ್ಯಾಲೋ ಜಿಂಕೆ ಭೂಮಿಯ ಮೇಲಿಂದಲೇ ಅಳಿದುಹೋಗಿದೆ ಎಂದು ತಿಳಿದಿದ್ದರು. ಐದಾರು ವರ್ಷದಲ್ಲಿ ಇರಾನಿನ ಖುಜೆಸ್ತಾನದ ನದಿ ದಡದ ಪೊದೆಗಳಲ್ಲಿ ಕೆಲವೇ ಕೆಲವು ಜೀವಂತವಾಗಿ ಸಿಕ್ಕವು. 1978ರಲ್ಲಿ ಇರಾನಿನ ಕ್ರಾಂತಿಯ ಗಲಾಟೆಯ ನಡುವೆ ನಾಲ್ಕು ಹೆಣ್ಣು ಜಿಂಕೆಗಳನ್ನು ವಿಮಾನದಲ್ಲಿ ಇಸ್ರೇಲಿಗೆ ತಂದರು, 1996ರಿಂದ ಅವುಗಳ ಸಂತತಿಯನ್ನು ಕಾಡಿಗೆ ಬಿಡತೊಡಗಿದರು. ಅವುಗಳನ್ನು ಸಾಕಿ ಬೆಳೆಸಿದ ಒಂದು ಮೀಸಲು ವನ ಇರುವುದು ಕಾರ್ಮೆಲ್ ಬೆಟ್ಟದ ಮೇಲೆಯೇ. ಸಾವಿರಾರು ವರ್ಷ ಹಿಂದೆ ಯಾವ ಗುಹೆಯೊಳಗೆ ಮೂಳೆಯಾಗಿ ಬಿದ್ದಿತ್ತೋ, ಅದೇ ಬೆಟ್ಟದಲ್ಲಿ ಈಗ ಮೇಯುತ್ತಿದೆ.

ಟ್ರಿಂಗ್‌ನ ಆಫೀಸಿನಲ್ಲಿ ಡೊರೊಥಿಯಾರ ಮೇಜಿನ ಮೇಲೆ ಒಂದು ಹಾಳೆ ಸಿಕ್ಕಿತು. ಇನ್ನು ಬರೆಯಬೇಕಾದ ಲೇಖನಗಳ ಪ‌ಟ್ಟಿ ಅದು. ಪಟ್ಟಿಯ ಕಟ್ಟಕಡೆಯ ಲೇಖನದ ಪಕ್ಕದಲ್ಲಿ, ಇದು ತನ್ನ ಕೊನೆಯದು ಎಂಬರ್ಥ ಬರುವ ಎರಡೇ ಪದಗಳನ್ನು ಆಕೆ ತಾವೇ ಬರೆದಿಟ್ಟಿದ್ದರು.